ಡಾಕ್ಟರು ಕಾರಿನ ಹುಳುಕು ತೆಗೆದದ್ದು

ನಮ್ಮ ಬೀದಿಯ ಹಲ್ಲಿನ ಡಾಕ್ಟರಿಗೆ ತಮ್ಮ ಕೈಚಳಕದ ಮೇಲಿದ್ದ ನಂಬಿಕೆ ಅಷ್ಟಿಷ್ಟಲ್ಲ. ಮೂವತ್ತು ವರ್ಷ ಜನರ ಬಾಯೊಳಗೆ ಇಣುಕಿ ಹಲ್ಲಿನ ಬಣ್ಣ ಹೊಂದಿಸಿದವರು. ಹೆಂಡತಿಯ ಪುಟಾಣಿ ನೀಲಿ ಕಾರಿನ ಹಿಂಬಾಗಿಲಲ್ಲಿ ಬಟಾಣಿಯಷ್ಟು ಬಣ್ಣ ಎದ್ದದ್ದು ಅವರಿಗೆ ಯಾವ ಲೆಕ್ಕ!

"ಹತ್ತೇ ನಿಮಿಷ. ಎಲ್ಲಿತ್ತು ಅಂತ ನೀನೇ ಹುಡುಕ್ಬೇಕು!"

"ಮುಟ್ಟಬೇಡಿ," ಎಂದರು ಹೆಂಡತಿ, ಚಪ್ಪಲಿ ಮೆಟ್ಟುತ್ತಾ. "ಈ ಮನೇಲಿ ನೀವು ರಿಪೇರಿ ಮಾಡದೆ ಉಳಿದಿರೋದು ಅದೊಂದೇ. ಅದಕ್ಕೇ ಓಡ್ತಿದೆ. ನಾನು ಡ್ರೈವಿಂಗ್ ಕಲಿತ ಕಾರು, ಹತ್ತೊಂಬತ್ತು ವರ್ಷದ್ದು. ಅದಕ್ಕೇನಾದ್ರೂ ಆದ್ರೆ ನಾಳೆಯಿಂದ ಕ್ಲಿನಿಕ್ಕಿಗೆ ಬಸ್ಸಲ್ಲಿ ಹೋಗಿ!"

ಅವರು ಅಕ್ಕನ ಮನೆಯ ಕಡೆ ನಡೆದು ತಿರುವು ದಾಟುವಷ್ಟರಲ್ಲಿ ಡಾಕ್ಟರು ಕ್ಲಿನಿಕ್ಕಿನ ಕೊಕ್ಕೆ, ಪುಟ್ಟ ಕನ್ನಡಿ, ಹತ್ತಿ ಸಮೇತ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಾಗಿತ್ತು.

ಕೊಕ್ಕೆ ತಾಗಿಸಿದರೆ ಒಳಗೆ ತುಕ್ಕು! ಬೇರೆಯವರಾಗಿದ್ದರೆ ಮೇಲೆ ಬಣ್ಣ ಬಳಿದು ಎದ್ದುಬಿಡುತ್ತಿದ್ದರು. ಆದರೆ ಹುಳುಕು ಒಂದು ಕಣ ಉಳಿದರೂ ಡಾಕ್ಟರ ಕೈ ನಿಲ್ಲದು. ಕೆರೆದರು. ಬಟಾಣಿ ನಿಂಬೆಹಣ್ಣಾಯಿತು, ನಿಂಬೆಹಣ್ಣು ಅಂಗೈಯಾಯಿತು. "ಸ್ವಲ್ಪ ನೋಯುತ್ತೆ, ತಡ್ಕೊಳ್ಳಿ," ಎಂದು ಅಭ್ಯಾಸಬಲದಿಂದ ಕಾರಿಗೂ ಹೇಳಿದರು. ಕೊನೆಗೆ ಕೊಕ್ಕೆ ಟಕ್ಕನೆ ಬಾಗಿಲೊಳಗೇ ಹೋಯಿತು. ತೂತು! ಕನ್ನಡಿ ಹಿಡಿದು ನೋಡಿದರೆ ಬಾಗಿಲ ಹೊಟ್ಟೆಯೊಳಗಿನ ಸರಳು, ತಂತಿಗಳೆಲ್ಲ ದರ್ಶನ ಕೊಟ್ಟವು.

ಹಲ್ಲಿನ ಸಿಮೆಂಟು ಮೆತ್ತಿ, ಅಂಗಡಿಯಿಂದ ತಂದ ನೀಲಿ ಬಣ್ಣ ಬಳಿದರು. ಮಾಸಿದ ಬಾಗಿಲ ನಡುವೆ ಅದು ಎಷ್ಟು ಫಳಫಳ ಹೊಳೆಯಿತೆಂದರೆ ಎದುರುಮನೆಯವರು ಕಿಟಕಿ ತೆಗೆದು ನೋಡಿದರು. ಡಾಕ್ಟರು ಗಡಬಡಿಸಿ ಎದ್ದರು. ತಮ್ಮ ಪೇಷೆಂಟುಗಳಲ್ಲೊಬ್ಬನಾದ ಕಾರು ಪೇಂಟರಿಗೆ ಫೋನು ಹೋಯಿತು.

ಪೇಂಟರ್ ತುಟಿ ಬಿಚ್ಚುವ ಆಸಾಮಿಯಲ್ಲ. ಡಾಕ್ಟರು ಮೆತ್ತಿದ್ದನ್ನು ಕಿತ್ತು, ತಗಡು ಅಂಟಿಸಿ, ಪುಟ್ಟಿ ಹಚ್ಚಿ ಉಜ್ಜಿದ. ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ನೀಲಿಗೆ ಬಿಳಿ ಕಲಸಿದ, ಒಂದು ಹನಿ ಹಳದಿ ಬಿಟ್ಟ, ಕಡ್ಡಿಯ ತುದಿಯಲ್ಲಿ ಕಪ್ಪು ತಾಗಿಸಿದ. ಒಂದು ಚುಕ್ಕಿ ಇಟ್ಟು, ಒಣಗುವವರೆಗೂ ಕಾದು, ತಲೆಯಾಡಿಸಿ ಮತ್ತೆ ಕಲಸಿದ.

"ಈ ಬಾಗಿಲಿಗೆ ಬಿಸಿಲು ಜಾಸ್ತಿ ಬಿದ್ದಿದೆ ಡಾಕ್ಟ್ರೇ. ಮುಂದಿನ ಬಾಗಿಲು ಬೇರೆ ಬಣ್ಣ."

ಡಾಕ್ಟರು ನೋಡಿದರು. ಹೌದಲ್ಲ! ದಿನಾ ಹತ್ತಿ ಇಳಿಯುವ ಕಾರು, ಒಂದು ದಿನವೂ ಕಂಡಿರಲಿಲ್ಲ. ಹತ್ತೊಂಬತ್ತು ವರ್ಷದ ಬಿಸಿಲನ್ನು ಈ ಮನುಷ್ಯ ಮುಚ್ಚಳದಲ್ಲಿ ಕಲಸುತ್ತಿದ್ದಾನೆ! ಬಣ್ಣ ಬಾಗಿಲಿಗೆ ಕೂತಿತು, ಒಣಗಿತು, ಮಾಯವಾಯಿತು. ಡಾಕ್ಟರಿಗೆ ಮೈ ಜುಮ್ಮೆಂದಿತು. ಕೈಮುಗಿಯಬೇಕೆನಿಸಿತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೆಂಡತಿ ನೇರ ಹಿಂಬಾಗಿಲಿಗೇ ಬಂದು ಬಗ್ಗಿದರು, ಬೆರಳಾಡಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಅಯ್ಯೋ, ಇಲ್ಲೇ ಇತ್ತಲ್ರೀ! ನೀವೇ ಮಾಡಿದ್ರಾ? ಗೊತ್ತೇ ಆಗಲ್ಲ!"

ನಿಜ ಹೇಳಬೇಕೆಂದು ಡಾಕ್ಟರ ಬಾಯಿ ತೆರೆಯಿತು. ಹೆಂಡತಿ ಹೊಗಳಿದ್ದು ಕೇಳಿ ಎಷ್ಟು ವರ್ಷವಾಗಿತ್ತೋ, ಬೇರೆಯದೇ ಮಾತು ಹೊರಬಿತ್ತು. "ಮತ್ತೆ! ಬಣ್ಣ ಹೊಂದಿಸೋದು ನನ್ನ ಕಸುಬಲ್ವೇನೇ?"

ಕಾರಿನ ಆ ಬದಿಯಲ್ಲಿ ಕೂತು ಸಾಮಾನು ಕಟ್ಟುತ್ತಿದ್ದ ಪೇಂಟರಿಗೆ ತಡೆಯಲಾಗಲಿಲ್ಲ. ಬಾಯ್ತುಂಬ ನಕ್ಕುಬಿಟ್ಟ. ಹೆಂಡತಿ ತಿರುಗಿ ನೋಡಿ ಬೆಚ್ಚಿದರು.

"ಇದೇನಪ್ಪಾ, ನಿನ್ನ ಮುಂದಿನ ಒಂದು ಹಲ್ಲು ಮಾತ್ರ ಟ್ಯೂಬ್‌ಲೈಟ್ ಥರ ಹೊಳೀತಿದೆ! ಯಾರು ಹಾಕಿದ್ದು?"

ಪೇಂಟರ್ ವಿನಯದಿಂದ ಬಾಯಿಗೆ ಕೈ ಅಡ್ಡ ಹಿಡಿದ.

"ಕಾರಿನ ಬಣ್ಣ ನಂದಮ್ಮಾ. ಹಲ್ಲಿಂದು ಡಾಕ್ಟ್ರದ್ದು."