ದರ್ಜಿ ರತ್ನಾಕರನ ವಿದೇಶಾಂಗ ನೀತಿ

“ಒಂದೇ ಹೆಣ್ಣಿನ್ ಕಾಂಬುಕೆ ಎರಡ್ ಗಂಡಿನ್ ಕಡಿಯರ್ ಒಂದೇ ಬಸ್ಸಂಗೆ ಬಪ್ಪುದ್ ನಾನ್ ಇದೇ ಸುರು ಕಾಂಬುದ್,” ಎಂದಳು ಹೋಟೆಲಿನ ಕುಸುಮಾವತಿ, ಬಾಣಲೆಗೆ ಗೋಳಿಬಜೆ ಬಿಡುತ್ತ.

ಸಾಸ್ತಾನದ ಪೇಟೆಯಲ್ಲಿ ಬಸ್ಸಿಳಿದ ಇಬ್ಬರನ್ನು ನೋಡಿ ದರ್ಜಿ ರತ್ನಾಕರ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದ. ಟೈ ಕಟ್ಟಿದವರು ಅಮೆರಿಕದವರ ಕಡೆಯಿಂದ ಬಂದವರು, ಜುಬ್ಬಾ ತೊಟ್ಟವರು ರಷ್ಯದವರ ಕಡೆಯಿಂದ. ಇಬ್ಬರ ಕೈಯಲ್ಲೂ ಒಂದೊಂದು ರಟ್ಟಿನ ಪೆಟ್ಟಿಗೆ, ಎರಡರ ಮೇಲೂ ರೇಡಿಯೋದ ಚಿತ್ರ.

ಅದು ಅರವತ್ತನಾಲ್ಕನೆಯ ಇಸವಿ. ಅಮೆರಿಕಕ್ಕೂ ರಷ್ಯಕ್ಕೂ ಮುಖ ಕೊಟ್ಟು ಮಾತಿಲ್ಲದ ಕಾಲ. ಲೋಕದ ತುಂಬ ತನಗೇ ಹೆಚ್ಚು ಗೆಳೆಯರಿರಬೇಕೆಂದು ಇಬ್ಬರೂ ಹಟ ಹಿಡಿದು, ಕೇಳಿದ ಊರಿಗೆಲ್ಲ ಬಣ್ಣದ ಪತ್ರಿಕೆ ಪುಕ್ಕಟೆ ಕಳಿಸುತ್ತಿದ್ದರು. ಊರಿನ ವಾಚನಾಲಯದ ಕಾರ್ಯದರ್ಶಿಯಾಗಿದ್ದ ರತ್ನಾಕರ ಇಬ್ಬರಿಗೂ ಕಾಗದ ಬರೆದಿದ್ದ: ‘ನಮ್ಮೂರು ಎಂದೆಂದಿಗೂ ನಿಮ್ಮದೇ. ಒಂದು ರೇಡಿಯೋ ಮಾತ್ರ ಇಲ್ಲ.’

ಬರೆಯದೆ ವಿಧಿಯಿರಲಿಲ್ಲ. ವಾಚನಾಲಯದ ಕೋಣೆ ಚಂದಯ್ಯ ಶೆಟ್ಟರದ್ದು. ಓದಲು ಬರುವವರು ನಾಲ್ಕೇ ಮಂದಿ, ಅದರಲ್ಲಿ ಇಬ್ಬರು ನಿದ್ದೆಗೆ. ಶನಿವಾರದೊಳಗೆ ರೇಡಿಯೋ ಬಂದು ಜನ ಸೇರಿದರೆ ಸರಿ, ಇಲ್ಲವಾದರೆ ಕೋಣೆಗೆ ತೆಂಗಿನಕಾಯಿ ತುಂಬುತ್ತೇನೆಂದು ಶೆಟ್ಟರು ಗಡುವು ಹಾಕಿದ್ದರು. ಇವತ್ತೇ ಶನಿವಾರ. ಕಾಯಿ ಹೇರಿದ ಎತ್ತಿನ ಗಾಡಿ ಬೆಳಿಗ್ಗೆಯೇ ಬಂದು ಬಾಗಿಲೆದುರು ನಿಂತಿತ್ತು.

ಒಬ್ಬರಿಗೆ ಬೆಳಿಗ್ಗೆ, ಇನ್ನೊಬ್ಬರಿಗೆ ಮಧ್ಯಾಹ್ನ ಬರಬೇಕೆಂದು ರತ್ನಾಕರ ಬರೆದದ್ದು ನಿಜ. ಆದರೆ ಬಸ್ಸಿನವರು ಅವನನ್ನು ಕೇಳಿ ಓಡಿಸುತ್ತಾರೆಯೇ? ಅವನು ಜುಬ್ಬಾದವರನ್ನು ಕುಸುಮಾವತಿಯ ಹೋಟೆಲಿನಲ್ಲಿ ಕೂರಿಸಿ, ಅವರ ಬಾಯಿ ಒಂದು ಗಳಿಗೆಯೂ ಖಾಲಿಯಾಗಬಾರದೆಂದು ಅವಳ ಕಿವಿಯಲ್ಲಿ ಹೇಳಿ, ಟೈಯವರನ್ನು ವಾಚನಾಲಯಕ್ಕೆ ಕರೆದೊಯ್ದ.

ಗೋಡೆಯ ತುಂಬ ಅಮೆರಿಕದ ಚಿತ್ರಗಳು. ದರ್ಜಿಯ ಬುದ್ಧಿ ನೋಡಿ, ಒಂದೊಂದರ ಬೆನ್ನಿಗೂ ರಷ್ಯದ ಚಿತ್ರವನ್ನು ಹೊಲಿದು, ಎರಡೂ ಬದಿ ತೊಡಬಹುದಾದ ಅಂಗಿಯಂತೆ ಮಾಡಿಟ್ಟಿದ್ದ. ಟೈಯವರು ಮೆಚ್ಚಿ ತಲೆದೂಗುತ್ತಿದ್ದಾಗಲೇ ಕುಸುಮಾವತಿ ಉಪಚಾರದ ಉತ್ಸಾಹದಲ್ಲಿ ಇವರಿಗೂ ಬಜೆ ತಂದಿಟ್ಟಳು. ಬಜೆಯ ಅಡಿಗೆ ಹಾಕಿದ್ದು ರಷ್ಯದ ಪತ್ರಿಕೆಯ ಹಾಳೆ, ಅದರಲ್ಲಿ ಬಿಳಿಯ ಹಿಮದ ನಡುವೆ ಒಂದು ಕೆಂಪು ಟ್ರ್ಯಾಕ್ಟರು.

“ಇದು ಎಲ್ಲಿಯ ಗದ್ದೆ?” ಎಂದು ಟೈಯವರು ಹುಬ್ಬೇರಿಸಿದರು.

“ನಮ್ ಶೆಟ್ರದ್ದೇ ಮಾರಾಯ್ರೆ,” ಎಂದ ರತ್ನಾಕರ.

“ಈ ಬಿಳಿ ಎಂಥದು?”

“ಉಪ್ಪ್. ಸಮುದ್ರ ಹತ್ರ ಅಲ್ದಾ, ನಮ್ಮಲ್ಲ್ ಉಪ್ಪನ್ನೇ ಉಳುದ್.”

ಬಾಗಿಲಲ್ಲಿ ನಿಂತಿದ್ದ ಚಂದಯ್ಯ ಶೆಟ್ಟರು ತಮಗೆ ಟ್ರ್ಯಾಕ್ಟರು ಬಂದ ಸುದ್ದಿ ಕೇಳಿ ಗಂಭೀರವಾಗಿ ಮೀಸೆ ಮುಟ್ಟಿಕೊಂಡರು. ಟೈಯವರು ಸಂದರ್ಶಕರ ಪುಸ್ತಕದಲ್ಲಿ ಒಂದು ಪುಟ ಹೊಗಳಿ ಬರೆದು, ಪೆಟ್ಟಿಗೆ ಎತ್ತಿಕೊಂಡು ಶೆಟ್ಟರ ಮನೆಗೆ ಊಟಕ್ಕೆ ನಡೆದರು. ರತ್ನಾಕರ ಆ ಪುಟಕ್ಕೆ ಅಂಟು ಬಳಿದು ಹಿಂದಿನದಕ್ಕೆ ಮೆತ್ತಿ, ಗೋಡೆಯ ಚಿತ್ರಗಳನ್ನು ಬೆನ್ನು ತಿರುಗಿಸಿ, ಬೆವರು ಒರೆಸಿಕೊಂಡು, ಹನ್ನೆರಡು ಬಜೆ ತಿಂದು ಏಳಲಾರದೆ ಕೂತಿದ್ದ ಜುಬ್ಬಾದವರನ್ನು ಕೈಹಿಡಿದು ಕರೆತಂದ.

ಗಡಿಬಿಡಿಯಲ್ಲಿ ಒಂದು ಚಿತ್ರ ಎರಡು ಸಲ ತಿರುಗಿತ್ತು. ಟೋಪಿ ಹಾಕಿದ ಅಮೆರಿಕದ ರೈತನೊಬ್ಬ ರಷ್ಯದ ಕಾರ್ಖಾನೆಗಳ ನಡುವೆ ಹಲ್ಲು ಬಿಟ್ಟು ನಿಂತಿದ್ದ.

“ಇವನು ಇಲ್ಲಿ ಯಾಕೆ?” ಎಂದರು ಜುಬ್ಬಾದವರು.

“ವೈರಿ ಮುಖ ಗುರ್ತ ಇರ್ಕಲ್ದಾ, ಅದ್ಕೇ ಇಟ್ಟದ್,” ಎಂದ ರತ್ನಾಕರ.

ಇಂಥ ನಿಷ್ಠೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಅವರೂ ಒಂದು ಪುಟ ಬರೆದರು. ರತ್ನಾಕರನ ಎದೆ ಇಸ್ತ್ರಿ ಹಾಕಿದ ಕೋಟಿನಂತೆ ನೆಟ್ಟಗಾಯಿತು. ರೇಡಿಯೋ ಒಂದಲ್ಲ, ಎರಡು. ದೆಹಲಿ ಒಂದರಲ್ಲಿ, ಧಾರವಾಡ ಇನ್ನೊಂದರಲ್ಲಿ.

ನಾಲ್ಕು ಗಂಟೆಗೆ ತಿರುಗಿ ಹೋಗುವ ಬಸ್ಸು ಬಂತು. ಇಬ್ಬರು ಅತಿಥಿಗಳೂ ಒಂದೇ ಮರದಡಿ ನಿಂತು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರು ಸಿಗರೇಟು ಹಚ್ಚಿಕೊಂಡು, ಮಂಗಳೂರಿನ ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ಬಸ್ಸು ನಿಂತಿತು, ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆ ಎತ್ತಿಕೊಂಡರು.

“ಸ್ವಾಮಿ, ಪೆಟ್ಟಿಗಿ...” ಎಂದ ರತ್ನಾಕರ, ಯಾರಿಗೆಂದು ಸ್ಪಷ್ಟವಾಗದಂತೆ.

“ಇದು ಬ್ರಹ್ಮಾವರದ ವಾಚನಾಲಯಕ್ಕೆ. ಅದು ಸಂಜೆ ಮಾತ್ರ ತೆರೆಯುವುದಂತೆ, ಅದಕ್ಕೇ ಮೊದಲು ನಿಮ್ಮಲ್ಲಿಗೆ ಬಂದೆ,” ಎಂದರು ಟೈಯವರು. “ನಿಮ್ಮ ಪತ್ರಿಕೆಯೂ ಬೇಡ, ನೀವೂ ಬೇಡ ಅಂತ ಅವರು ನಮಗೆ ಬೈದು ಬರೆದಿದ್ದಾರೆ. ಒಲಿಸಿಕೊಳ್ಳಬೇಕಾದ್ದು ಅಂಥವರನ್ನಲ್ಲವೇ? ನೀವು ಹೇಗೂ ನಮ್ಮವರೇ.”

“ನಮಗೂ ಬೈದಿದ್ದಾರೆ. ಇನ್ನೂ ಜೋರಾಗಿ,” ಎಂದು ಜುಬ್ಬಾದವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿ ಬಸ್ಸು ಹತ್ತಿದರು.

ಧೂಳು ಇಳಿದ ಮೇಲೆ ಶೆಟ್ಟರು ಮೆಲ್ಲನೆ ಕೆಮ್ಮಿದರು.

“ರತ್ನಾಕರ, ಕಾಯಿ ಇಳ್ಸುದಾ?”

“ಇಳ್ಸಿ ಶೆಟ್ರೆ,” ಎಂದ ರತ್ನಾಕರ, ಎದೆಯನ್ನು ಒಂದಂಗುಲವೂ ಕುಗ್ಗಿಸದೆ. “ಆರೆ ಒಂದ್ ಮಾತ್. ಅಮೆರಿಕ, ರಷ್ಯ ಎರಡೂ ಕೂಡಿ ‘ಇವ್ರ್ ನಮ್ಮರೇ’ ಅಂದ ಊರ್ ಈ ಲೋಕದಂಗೆ ಮತ್ತೊಂದ್ ಇದ್ರೆ ತೋರ್ಸಿ ಕಾಂಬ.”

ಶೆಟ್ಟರು ಯೋಚಿಸಿ ನೋಡಿದರು. “ಅದ್ ಹೌದ್ ಮಾರಾಯಾ,” ಎಂದು ಒಪ್ಪಿ, ಗಾಡಿಯವನಿಗೆ ಕೈಸನ್ನೆ ಮಾಡಿದರು.

ರತ್ನಾಕರ ಒಳಗೆ ಹೋಗಿ, ಓದುವ ಮೇಜನ್ನು ತಾನೇ ಗೋಡೆಯ ಬದಿಗೆ ಸರಿಸಿ, ಮೊದಲ ಗೋಣಿಗೆ ಜಾಗ ಮಾಡಿಕೊಟ್ಟ.