ಹಲಸೂರಿನಲ್ಲಿ ಸೀಸರನ ಕೊಲೆ

ಎಲ್ಲಕ್ಕೂ ಕಾರಣ ಮೂರು ಸಾಲಿನ ಒಂದು ರಿವ್ಯೂ.

"ರೂಮು ಚೊಕ್ಕಟವಾಗಿದೆ. ಇಡ್ಲಿ ಮಲ್ಲಿಗೆ ಹೂವಿನಂತಿದೆ. ಆದರೆ ಮನೆಯ ಯಜಮಾನರು ತಿಂಡಿ ಮುಗಿಯುವುದರೊಳಗೆ ಜೂಲಿಯಸ್ ಸೀಸರನನ್ನು ನನ್ನ ಕಣ್ಣೆದುರಿಗೇ ಎರಡು ಸಲ ಕೊಂದರು, ಆದ್ದರಿಂದ ಎರಡೇ ಸ್ಟಾರ್."

ಸೀತಮ್ಮ ಇದನ್ನು ಬೆಳಿಗ್ಗೆ ಆರೂವರೆಗೆ, ಕಾಫಿ ಲೋಟ ಗಂಡನ ಕೈಗೆ ಹೋಗುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಹಯಗ್ರೀವರಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಎರಡನೇ ಸಲ ಯಾಕೆ ಕೊಂದೆ ಅಂತ ಬರ್ದಿದಾನಾ? ಮೊದಲನೇ ಸಲ ಅವ್ನು ಚಟ್ನಿ ಹಾಕ್ಕೊಳ್ತಿದ್ದ ಕಣೇ. ನೋಡ್ಲೇ ಇಲ್ಲ!"

"ಅಯ್ಯೋ ರಾಮ! ಬುಕಿಂಗ್ ಕಂಪನಿಯೋರು ಮೇಲ್ ಹಾಕಿದಾರೆ ರೀ. ನಿಮ್ಮ ಮಾತಿನ ಬಗ್ಗೆ ಇದು ನಾಕನೇ ಕಂಪ್ಲೇಂಟು. ಇನ್ನೊಂದು ಬಂದ್ರೆ ನಮ್ಮನೇನ ಲಿಸ್ಟಿಂದಾನೇ ತೆಗೀತಾರಂತೆ."

"ತೆಗೀಲಿ! ಬಾಯಿ ನಂದು, ಮನೆ ನಂದು."

ಮನೆ ಹಲಸೂರಿನ ಹಳೇ ಪೇಟೆಯ ಒಂದು ಗಲ್ಲಿಯಲ್ಲಿತ್ತು. ಹಯಗ್ರೀವರು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದವರು. ಅಂದರೆ ಮೂವತ್ತೆರಡು ವರ್ಷ ಬೇರೆಯವರ ಮಾತು ಕೇಳಿದವರು. ಹಿಂದೆ ಯಾವಾಗಲೋ ಹಳೇ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ರೋಮನ್ನರ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು ಎಂದು ಎಲ್ಲೋ ಓದಿದಂದಿನಿಂದ ಅವರಿಗೆ ರೋಮಿನ ಹುಚ್ಚು ಹಿಡಿದಿತ್ತು. ಎರಡು ಸಾವಿರ ವರ್ಷದ ಹಿಂದೆ ಅಷ್ಟು ದೂರದವರು ನಮ್ಮ ಪಕ್ಕದ ಬೀದಿಯ ತನಕ ಬಂದಿದ್ದಾರೆಂದರೆ ಅವರ ಯೋಗಕ್ಷೇಮ ವಿಚಾರಿಸುವುದು ಬೇಡವೇ, ಎಂಬುದು ಅವರ ವಾದ. ಆರು ವರ್ಷದ ಹಿಂದೆ ನಿವೃತ್ತರಾದ ಮೇಲೆ ಮಹಡಿಯನ್ನು ಗೆಸ್ಟ್‌ಹೌಸ್ ಮಾಡಿದರು. ಬಂದವರಿಗೆ ತಿಂಡಿಯ ಜೊತೆ ಬೆಂಗಳೂರಿನ ದಿನನಿತ್ಯದ ಬದುಕನ್ನೂ ರೋಮಿನ ಚರಿತ್ರೆಯನ್ನೂ ಉಚಿತವಾಗಿ ಬಡಿಸುತ್ತಿದ್ದರು. ಕೆಲವರು ಕೇಳುತ್ತಿದ್ದರು, ಹಲವರು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದರು.

"ಲಿಸ್ಟಿಂದ ತೆಗೆದ ದಿನಾನೇ ಮಹಡೀನ ವಾದಿರಾಜನಿಗೆ ಕೊಡ್ತೀನಿ," ಎಂದರು ಸೀತಮ್ಮ. "ಅಬ್ಯಾಕಸ್ ಕ್ಲಾಸ್ ಮಾಡ್ತಾನಂತೆ."

ಹಯಗ್ರೀವರು ಲೋಟ ಕೆಳಗಿಟ್ಟರು. ವಾದಿರಾಜ ಪಕ್ಕದ ಮನೆಯವನು, ಸೀತಮ್ಮನ ಚಿಕ್ಕಪ್ಪನ ಮಗ, ಎರಡು ವರ್ಷದಿಂದ ಆ ಮಹಡಿಯ ಮೇಲೆ ಕಣ್ಣಿಟ್ಟವನು. ಮಹಡಿ ಹೋದರೆ ಅತಿಥಿಗಳಿಲ್ಲ. ಅತಿಥಿಗಳಿಲ್ಲದಿದ್ದರೆ ಕೇಳುವ ಕಿವಿಗಳಿಲ್ಲ. ಹೆಂಡತಿಯ ಕಿವಿ ಎಂದೋ ಮುಚ್ಚಿತ್ತು. ಮಗಳು ತನ್ಮಯಿ ಮೈಸೂರಿನಿಂದ ಫೋನ್ ಮಾಡಿದರೆ ಮೊದಲ ಮಾತೇ "ಅಪ್ಪಾ, ರೋಮ್ ಬೇಡ" ಎಂದಿರುತ್ತಿತ್ತು. ಈ ಬೆಳಿಗ್ಗೆ ಬರುವ ಅತಿಥಿ ಕೊನೆಯವನಾದರೂ ಆಗಬಹುದು ಎಂದು ಹೊಳೆದು ಅವರಿಗೆ ನಿಜಕ್ಕೂ ಸಂಕಟವಾಯಿತು. ಸಂಕಟದ ಹಿಂದೆಯೇ ಹಟ ಬಂತು. ಕೊನೆಯವನೇ ಆದರೆ ಅವನಿಗೆ ಪೂರ್ತಿ ಕತೆ ಹೇಳಿಯೇ ಕಳಿಸುವುದು.

ಹೆಂಡತಿ ಸುಮ್ಮನೆ ಬಿಡುವವರಲ್ಲ. ಕಾಂಪೌಂಡಿನ ಮೇಲಿಂದ ವಾದಿರಾಜನನ್ನು ಕರೆದು, "ಇವತ್ತಿಡೀ ಭಾವನ ಹಿಂದೇನೇ ಇರು. ರೋಮ್ ಕಡೆ ತಿರುಗಿದ ತಕ್ಷಣ ಕೆಮ್ಮು," ಎಂದು ಕೆಲಸ ಒಪ್ಪಿಸಿದರು.

"ಅಕ್ಕ, ನೀನೇನ್ ಯೋಚ್ನೆ ಮಾಡ್ಬೇಡ," ಎಂದ ವಾದಿರಾಜ. ಆಗಲೇ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದ.

ಎಂಟು ಗಂಟೆಗೆ ಅತಿಥಿ ಆಟೋದಿಂದ ಇಳಿದರು. ಎಂಬತ್ತು ದಾಟಿದ ಅಜ್ಮತ್ ಸಾಹೇಬರು, ಊರು ಬೀದರ್. ಶಿವಾಜಿನಗರದಲ್ಲಿ ಮೊಮ್ಮಗಳ ಮದುವೆ, ಸಂಜೆ ನಿಕಾಹ್.

"ಶಾದಿ ಮನ್ಯಾಗ ಭಾಳ ಗದ್ದಲ ಅದ ಸಾಬ್. ಮೂರು ದಿನ ಆಯ್ತು ಕಣ್ಣು ಮುಚ್ಚಿಲ್ಲ. ನನಗ ಸಂಜೀತನಕ ಆರಾಮ ಬೇಕು ನೋಡ್ರಿ," ಎಂದು ಕೈಜೋಡಿಸಿ ಮೇಲೆ ಹೋದರು. ಹತ್ತು ನಿಮಿಷಕ್ಕೆ ಕಿವಿ ಮುಚ್ಚುವ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿಕೊಂಡು ಇಳಿದು ಬಂದರು. ಕೈಯಲ್ಲಿದ್ದ ಪುಟ್ಟ ಡಬ್ಬಿಯೊಂದನ್ನು ಶೇರ್ವಾನಿಯ ಜೇಬಿಗೆ ಹಾಕಿಕೊಂಡು, ದೊಡ್ಡ ಭಾರ ಇಳಿದವರಂತೆ ನಗುತ್ತಾ ಇಡ್ಲಿಯ ಮುಂದೆ ಕೂತರು. ಡಿಸೆಂಬರಿನ ಚಳಿಗೆ ಹಲಸೂರಿನಲ್ಲಿ ಅರ್ಧ ಜನ ಅಂಥದೇ ಟೊಪ್ಪಿ ಹಾಕುವುದರಿಂದ ಯಾರೂ ಗಮನಿಸಲಿಲ್ಲ.

ಅಷ್ಟರಲ್ಲಿ ಬೀದಿಗೆ ನೀರಿನ ಟ್ಯಾಂಕರ್ ಬಂತು. ಹಯಗ್ರೀವರಿಗೆ ಅಷ್ಟೇ ಸಾಕಾಗಿತ್ತು.

"ನೋಡಿ ಸಾಹೇಬ್ರೆ, ನಮಗೆ ಟ್ಯಾಂಕರು. ರೋಮ್‌ನಲ್ಲಿ ಮೂವತ್ತು, ನಲವತ್ತು ಮೈಲಿ ದೂರದಿಂದ ಕಲ್ಲಿನ ಕಾಲುವೇಲಿ ನೀರು ಬರ್ತಿತ್ತು. ಮೋಟ್ರಿಲ್ಲ, ಪಂಪಿಲ್ಲ!"

"ಖೊಕ್," ಎಂದ ವಾದಿರಾಜ ಬಾಗಿಲಿನಿಂದ.

ಅಜ್ಮತ್ ಸಾಹೇಬರು ಹಯಗ್ರೀವರ ಮುಖವನ್ನೇ ನೋಡುತ್ತಾ ತಲೆದೂಗಿದರು. "ಹೌದ್ರಿ, ಹೌದ್ರಿ. ವಾಹ್!"

ಹಯಗ್ರೀವರ ಎದೆ ತುಂಬಿ ಬಂತು. ಆರು ವರ್ಷದಲ್ಲಿ ಫೋನ್ ನೋಡದೆ, ಗಡಿಯಾರ ನೋಡದೆ, ಮಧ್ಯೆ ಬಾಯಿ ಹಾಕದೆ ಕೇಳಿದ ಮೊದಲ ಮನುಷ್ಯ. ಕಾಲುವೆಯಿಂದ ಸ್ನಾನಗೃಹಕ್ಕೆ, ಸ್ನಾನಗೃಹದಿಂದ ರೋಮಿನ ಐದಾರು ಅಂತಸ್ತಿನ ಬಾಡಿಗೆ ಮನೆಗಳಿಗೆ, ಅಲ್ಲಿಂದ ಗಲ್ಲಿಯ ಕೊನೆಯ ಪಿಜಿ ಕಟ್ಟಡಕ್ಕೆ ಅವರ ಮಾತು ಹರಿಯಿತು. ವಾದಿರಾಜ ಹದಿನಾಲ್ಕು ಸಲ ಕೆಮ್ಮಿದ. ಸೀತಮ್ಮ ಒಳಗಿನಿಂದ ಪಾತ್ರೆ ಕುಕ್ಕಿದರು. ಕೊನೆಗೆ ಸಾಹೇಬರು ಕೆರೆಯ ತನಕ ಅಡ್ಡಾಡಿ ಬರುತ್ತೇನೆಂದು ಎದ್ದಾಗ ಹಯಗ್ರೀವರೂ ಚಪ್ಪಲಿ ಮೆಟ್ಟಿದರು.

"ಹೋಗೋದಾದ್ರೆ ಸಾಂಬಾರಿಗೆ ನುಗ್ಗೆಕಾಯಿ ತನ್ನಿ. ಬೇರೆ ಏನೂ ಮಾತಾಡ್ಬೇಡಿ!" ಎಂದು ಸೀತಮ್ಮ ಕೂಗಿದರು.

ಸೋಮೇಶ್ವರ ದೇವಸ್ಥಾನದ ಕಲ್ಯಾಣಿಯ ಹತ್ತಿರ ರೋಮ್ ನಗರದ ಸ್ಥಾಪನೆ ಮುಗಿಯಿತು. ಮೆಟ್ರೋ ಕಂಬಗಳ ಕೆಳಗೆ ಸೀಸರನ ದಂಡು ಗಾಲ್ ದೇಶವನ್ನು ಗೆಲ್ಲಲು ಹೊರಟಿತು. ಹಿಂದಿನಿಂದ ಒಂದು ಲಾರಿ ಬೊಬ್ಬೆ ಹೊಡೆದರೂ ಸಾಹೇಬರು ಪಕ್ಕಕ್ಕೆ ಸರಿಯಲೇ ಇಲ್ಲ. ಹಯಗ್ರೀವರೇ ತೋಳು ಹಿಡಿದು ಎಳೆದುಕೊಂಡರು. ಎಂಥಾ ತನ್ಮಯತೆ ಎಂದು ಅವರಿಗೆ ಕಣ್ಣಲ್ಲಿ ನೀರು ಬಂತು. ವಾದಿರಾಜನ ಕೆಮ್ಮು ಅಷ್ಟರಲ್ಲಿ ನಿಜವಾದ ಕೆಮ್ಮಾಗಿತ್ತು.

ಬಜಾರಿನ ಮೂಲೆಯಲ್ಲಿ ಮುನಿವೆಂಕಟಮ್ಮನ ತರಕಾರಿ ಅಂಗಡಿ. ನಾಲ್ಕು ತಲೆಮಾರಿನಿಂದ ಹಲಸೂರಿನವಳು. ಆ ಮೂಲೆಯಲ್ಲಿ ಹಾದುಹೋದ ಅತಿಥಿಗಳ ಜೊತೆ ಅವಳೂ ಕೇಳಿ ಕೇಳಿ ರೋಮಿನ ಅರ್ಧ ರಾಜರನ್ನು ಹೆಸರು ಹಿಡಿದು ಬೈಯಬಲ್ಲವಳಾಗಿದ್ದಳು. ಹಯಗ್ರೀವರು ಒಂದು ಕಟ್ಟು ನುಗ್ಗೆಕಾಯಿ ಆರಿಸಿಕೊಂಡರು. ಎದುರಿಗೆ ಬಸ್ಸು, ಆಟೋ, ಸ್ಕೂಟರು ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು.

"ಸಾಹೇಬ್ರೆ, ರೋಮ್‌ನಲ್ಲೂ ಇದೇ ಗೋಳು. ಅದಕ್ಕೇ ಸೀಸರ್ ಏನ್ ಮಾಡ್ದ? ಹಗಲು ಹೊತ್ತು ಊರೊಳಗೆ ಗಾಡಿ ಬಿಡಬಾರದು ಅಂತ ಕಾನೂನು ತಂದ!"

"ಅದಕ್ಕೇ ಚುಚ್ಚಿರ್ತಾರೆ ಬಿಡಿ," ಎಂದ ಸಿಕ್ಕಿಕೊಂಡಿದ್ದ ಒಬ್ಬ ಆಟೋದವನು.

"ಅದಕ್ಕಲ್ಲ ಕಣಯ್ಯಾ! ಕೇಳು ಹೇಳ್ತೀನಿ."

"ಖೊ... ಖೊಕ್... ಭಾವ, ಬೇಡಿ!" ವಾದಿರಾಜ ಬಾಯಿಗೆ ಕರ್ಚೀಫ್ ಹಿಡಿದು ಅಡ್ಡ ಬಂದ. ಬಂದದ್ದೇ ತಪ್ಪಾಯಿತು. ಸೀಸರನಾಗಲು ಒಬ್ಬರು ಬೇಕಿತ್ತು.

ಹಯಗ್ರೀವರು ಕಟ್ಟಿನಿಂದ ಉದ್ದನೆಯ ನುಗ್ಗೆಕಾಯಿಯೊಂದನ್ನು ಎಳೆದರು. "ಒಟ್ಟು ಇಪ್ಪತ್ಮೂರು ಗಾಯ. ಮೊದಲನೇದು ಕತ್ತಿನ ಹತ್ರ, ಇಲ್ಲಿ! ಎರಡನೇದು ಪಕ್ಕೆಗೆ!" ಮೂರು, ನಾಲ್ಕು, ಐದು. ಏಳನೆಯದಕ್ಕೆ ವಾದಿರಾಜ ಹಿಂದೆ ಸರಿದು ಮುನಿವೆಂಕಟಮ್ಮನ ಟೊಮೆಟೊ ಬುಟ್ಟಿಯಲ್ಲಿ ಕುಸಿದು ಕೂತ. ಎದ್ದು ನಿಲ್ಲಲು ಹೋಗಿ ಮೊಣಕೈ ಊರಿದ, ಹೊರಳಿದ, ಕೆಂಪಾದ ಕೈಯಿಂದ ಎದೆ ಹಿಡಿದುಕೊಂಡು ಕೆಮ್ಮತೊಡಗಿದ.

"ಅಯ್ಯೋ, ಕುತ್ತಿಟ್ಟಾಂಗ!" ಎಂದು ಬಸ್ಸಿನ ಕಿಟಕಿಯಿಂದ ಒಬ್ಬಾಕೆ ತಮಿಳಿನಲ್ಲಿ ಚೀರಿದಳು. ಚುಚ್ಚಿಬಿಟ್ಟರು ಎಂಬ ಸುದ್ದಿ ಕನ್ನಡ, ಉರ್ದು, ತೆಲುಗು ಎಲ್ಲ ಸೇರಿ ಕೆರೆಯ ದಂಡೆ ಮುಟ್ಟಿತು. ಟ್ರಾಫಿಕ್ ಕಾನ್‌ಸ್ಟೇಬಲ್ ಪೀಪಿ ಊದುತ್ತಾ ಓಡಿಬಂದ.

"ಯಾರ್ರೀ ಚುಚ್ಚಿದ್ದು?"

ಜನರೆಲ್ಲ ಹಯಗ್ರೀವರನ್ನು ತೋರಿಸಿದರು. ಇದು ಟೊಮೆಟೊ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆರು ವರ್ಷಕ್ಕೊಮ್ಮೆ ಸಿಕ್ಕ ಶ್ರೋತೃವಿನ ಮುಂದೆ ಕತೆಯನ್ನು ಏಳನೇ ಗಾಯಕ್ಕೆ ನಿಲ್ಲಿಸಿ ಟೊಮೆಟೊ ಪುರಾಣ ಹೇಳಲು ಅವರ ಮನಸ್ಸು ಒಪ್ಪಲಿಲ್ಲ.

"ನಾನಲ್ಲ, ಬ್ರೂಟಸ್," ಎಂದರು ಎದೆಯೆತ್ತಿ.

"ಎಲ್ಲಿ ಅವ್ನು?"

"ತೀರ್ಕೊಂಡು ಎರಡು ಸಾವಿರ ವರ್ಷ ಆಯ್ತು."

"ಏನ್ ಸಾರ್, ಬೆಳಬೆಳಿಗ್ಗೇನೇ ಹಾಕ್ಕೊಂಡಿದೀರಾ?"

"ಇತಿಹಾಸ ಹೇಳ್ತಿದೀನಿ. ತಪ್ಪಾ? ಯಾವ ಸೆಕ್ಷನ್ನು, ತೋರ್ಸಿ!"

ಕಾನ್‌ಸ್ಟೇಬಲ್ ಅವರ ತೋಳಿಗೆ ಕೈ ಹಾಕಿಯೇ ಬಿಡುತ್ತಿದ್ದ. ಮುನಿವೆಂಕಟಮ್ಮ ಮಧ್ಯೆ ಬಂದಳು. "ಬಿಡಿ ಸಾ. ವಾರಕ್ಕೆ ಮೂರು ದಿನ ಸಾಯಿಸ್ತಾರೆ, ಇದುವರ್ಗೂ ಯಾರಿಗೂ ಏನೂ ಆಗಿಲ್ಲ. ಅದು ಟಮಾಟ. ಈ ಸಾಮೀನೇ ಎಲ್ಲಾನೂ ಮನೇಗೆ ತಗೊಂಡೋಗ್ತಾರೆ, ಅಲ್ವಾ ಸಾಮಿ?"

ಅಜ್ಮತ್ ಸಾಹೇಬರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ಬಲದಿಂದ ಹಯಗ್ರೀವರು ಉಳಿದ ಹದಿನಾರು ಗಾಯಗಳನ್ನೂ ಮುಗಿಸಿದರು. ಕಾನ್‌ಸ್ಟೇಬಲ್ ಹದಿನೈದನೆಯದರ ತನಕ ನಿಂತು ನೋಡಿ, ತಲೆ ಚಚ್ಚಿಕೊಂಡು, ವಾಹನ ಬಿಡಿಸಲು ಹೋದ.

ಮಧ್ಯಾಹ್ನ ಒಂದು ಬುಟ್ಟಿ ಅಪ್ಪಚ್ಚಿಯಾದ ಟೊಮೆಟೊ ಅಡುಗೆಮನೆಗೆ ಬಂದಾಗ ಸೀತಮ್ಮ ಏನನ್ನೂ ಕೇಳಲಿಲ್ಲ. ಬಜಾರಿನಿಂದ ಐದು ಜನ ಆಗಲೇ ಫೋನ್ ಮಾಡಿದ್ದರು. ವಾದಿರಾಜನ ಗಂಟಲು ಸಂಪೂರ್ಣ ಕಟ್ಟಿಹೋಗಿತ್ತು. ಅವನು ಮಾತಿಲ್ಲದೆ ಸ್ನಾನ ಮಾಡಿ, ಇನ್ನೊಂದು ಬಿಳಿ ಶರಟು ತೊಟ್ಟು, ತನ್ನ ಮನೆಯಿಂದ ಒಂದು ಕಪ್ಪು ಹಲಗೆ ಹೊತ್ತು ತಂದು ಇವರ ಹಾಲಿನ ಗೋಡೆಗೆ ಒರಗಿಸಿ, ಮಹಡಿಯ ಅಳತೆ ತೆಗೆಯಲು ಟೇಪ್ ಹಿಡಿದು ಮೆಟ್ಟಿಲು ಹತ್ತಿದ.

ಸಂಜೆ ಐದಕ್ಕೆ ಗೇಟಿನ ಮುಂದೆ ಆಟೋ ನಿಂತಿತು. ಇನ್ನೊಬ್ಬ ಮೊಮ್ಮಗಳು ಫಾಯಿಜಾ ಆಟೋದೊಳಗಿಂದಲೇ ಬೇಗ ಬನ್ನಿ ಎಂದು ಕೈಬೀಸಿದಳು. ಹಯಗ್ರೀವರು ಹೆಂಡತಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ಸಾಹೇಬ್ರೆ, ಏನ್ ಬೇಕಾದ್ರೂ ಬರೀರಿ. ಒಂದು ಸ್ಟಾರ್ ಕೊಡಿ, ಅರ್ಧ ಕೊಡಿ. ಈ ಮನೇಲಿ ನಾನು ಹೇಳೋದು ಹೇಳಿದೀನಿ, ನೀವು ಕೇಳೋದು ಕೇಳಿದೀರಿ. ನಂಗೆ ಅಷ್ಟು ಸಾಕು!"

ಅಜ್ಮತ್ ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡು ತುಂಬಾ ಹೊತ್ತು ಅಲುಗಿಸಿದರು, ಸಲಾಂ ಮಾಡಿ ಹೊರಟರು.

ಆರೂವರೆಗೆ ಸೀತಮ್ಮನ ಫೋನ್ ಟಿಣ್ ಎಂದಿತು. ವಾದಿರಾಜ ಟೇಪ್ ಸುತ್ತಿಕೊಂಡು ಹತ್ತಿರ ಬಂದ. ಸೀತಮ್ಮ ಓದುತ್ತಾ ಓದುತ್ತಾ ಕುರ್ಚಿ ಎಳೆದು ಕೂತರು.

"ಐದು ಸ್ಟಾರ್ ರೀ!"

"ಹಾಂ!" ಹಯಗ್ರೀವರು ತೊಡೆ ತಟ್ಟಿದರು. "ಈಗ ಗೊತ್ತಾಯ್ತಾ? ಜಗತ್ತಲ್ಲಿ ರಸಿಕರು ಇದಾರೆ. ಎತ್ಕೊಂಡು ಹೋಗೋ ವಾದಿರಾಜ, ನಿನ್ನ ಹಲಗೇನ! ಓದೇ, ಗಟ್ಟಿಯಾಗಿ ಓದು."

ಸೀತಮ್ಮ ಓದಿದರು: "ತಾತನ ಪರವಾಗಿ ಫಾಯಿಜಾ ಬರೆಯುತ್ತಿದ್ದೇನೆ. ತಾತ ಈ ಮನೆಗೆ ಹೋದ ತಕ್ಷಣ ಎರಡೂ ಕಿವಿಯ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟವರು ಮತ್ತೆ ಹಾಕಿಕೊಂಡದ್ದು ವಾಪಸು ಆಟೋದಲ್ಲಿ. ನಮ್ಮ ಮನೆಯಲ್ಲಿ ಮೆಷಿನ್ ತೆಗೆದರೂ ಗದ್ದಲ ಕೇಳುತ್ತಿತ್ತಂತೆ. ಇಲ್ಲಿ ಪಿಸುಮಾತೂ ಇಲ್ಲವಂತೆ. ಮನೆಯ ಯಜಮಾನರು ಸಂತರಂಥ ಮನುಷ್ಯ. ದಿನವಿಡೀ ತುಟಿ ಆಡಿಸುತ್ತಾ ಏನೋ ಜಪ ಮಾಡುತ್ತಿದ್ದರಂತೆ. ಬಜಾರಿನಲ್ಲಿ ನುಗ್ಗೆಕಾಯಿ ಹಿಡಿದು ಅವರು ಆಡಿದ ಮೂಕನಾಟಕ ಬಹಳ ಚೆನ್ನಾಗಿತ್ತು. ಶಾಂತಿ ಬೇಕಾದವರು ಇಲ್ಲಿಗೇ ಹೋಗಿ."

ಹಯಗ್ರೀವರ ಕೈ ತೊಡೆಯ ಮೇಲೆಯೇ ಉಳಿಯಿತು. ಕಾಲುವೆಗಳು, ಸ್ನಾನಗೃಹಗಳು, ಗಾಲ್ ದೇಶದ ದಂಡಯಾತ್ರೆ, ಇಪ್ಪತ್ಮೂರು ಗಾಯ, ಎಲ್ಲವೂ ಒಂದು ಮಂಕಿ ಕ್ಯಾಪಿನ ಹೊರಗೇ ಬಿದ್ದುಹೋಗಿದ್ದವು.

ಫೋನ್ ಮತ್ತೆ ಟಿಣ್ ಎಂದಿತು. ಸೀತಮ್ಮನ ಮುಖ ಅರಳಿತು. "ಕಗ್ಗದಾಸಪುರದ ಯಾವುದೋ ಧ್ಯಾನದ ಗುಂಪು ರೀ. ಮೌನ ಶಿಬಿರ ಅಂತೆ. ಅವ್ರು ನೋಡಿಟ್ಟಿದ್ದ ಜಾಗದ ಪಕ್ಕ ಬಿಲ್ಡಿಂಗ್ ಕೆಲಸ ಶುರುವಾಯ್ತಂತೆ. ಈ ರಿವ್ಯೂ ನೋಡಿ ಇಡೀ ಮಹಡಿ ಕೇಳ್ತಿದಾರೆ. ನಾಳೆಯಿಂದ ಒಂದು ತಿಂಗಳು!"

"ಒಂದು ತಿಂಗಳಾ? ಎಷ್ಟು ಜನ?" ಹಯಗ್ರೀವರಲ್ಲಿ ಮತ್ತೆ ಜೀವ ಬಂತು.

"ಹನ್ನೆರಡು. ಒಂದನೇ ಕಂಡೀಷನ್: ಮನೆಯವರೂ ಸೇರಿದಂತೆ ಯಾರೂ ಮಾತಾಡೋ ಹಾಗಿಲ್ಲ. ಒಪ್ಕೊಂಡ್ಬಿಟ್ಟೆ," ಎಂದರು ಸೀತಮ್ಮ.

ಹಯಗ್ರೀವರು ಎದ್ದರು. ನೇರವಾಗಿ ವಾದಿರಾಜನ ಹಲಗೆಯ ಹತ್ತಿರ ಹೋಗಿ, ಅವನ ಜೇಬಿನಿಂದಲೇ ಸೀಮೆಸುಣ್ಣ ಕಿತ್ತುಕೊಂಡು, ಮೊಳದುದ್ದದ ಅಕ್ಷರದಲ್ಲಿ ಬರೆದರು: ಕ್ರಿ.ಪೂ. 753, ರೋಮ್ ನಗರದ ಸ್ಥಾಪನೆ.

"ಮಾತಾಡೋ ಹಾಗಿಲ್ಲ ತಾನೆ? ಸರಿ, ಬಾಯಿ ಬಿಡಲ್ಲ!"

"ನಾಕನೇ ಕಂಡೀಷನ್," ಎಂದರು ಸೀತಮ್ಮ, ಕನ್ನಡಕ ಸರಿಮಾಡಿಕೊಂಡು. "ಓದೋದು, ಬರೆಯೋದೂ ನಿಷಿದ್ಧ."

ವಾದಿರಾಜನಿಗೆ ನಗು ತಡೆಯಲಾಗಲಿಲ್ಲ. ಸ್ವರವಿಲ್ಲದ ಗಂಟಲಿನಿಂದ ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕ.

ಹಯಗ್ರೀವರು ಸೀಮೆಸುಣ್ಣ ಕೆಳಗಿಟ್ಟರು. ನಗುತ್ತಿದ್ದ ವಾದಿರಾಜನನ್ನು ಸ್ವಲ್ಪ ಹೊತ್ತು ನೋಡಿದರು. ಅಜ್ಮತ್ ಸಾಹೇಬರಿಗೆ ಕೇಳಿಸಿದ್ದು ಏನೂ ಇಲ್ಲ, ಆದರೆ ಕಂಡದ್ದು ಬಹಳ ಚೆನ್ನಾಗಿತ್ತು ಎಂದು ಬರೆದಿದೆಯಲ್ಲ. ಅಡುಗೆಮನೆಗೆ ಹೋಗಿ, ಸಾಂಬಾರಿಗೆ ಹಾಕದೆ ಉಳಿದಿದ್ದ ನುಗ್ಗೆಕಾಯಿಗಳನ್ನು ಒಂದೊಂದಾಗಿ ಎತ್ತಿ ಬಗ್ಗಿಸಿ ನೋಡಿ, ಗಟ್ಟಿಯಾದ ಒಂದನ್ನು ಆರಿಸಿಕೊಂಡು ಬಂದರು.

"ಅದ್ಯಾಕ್ರೀ? ನಾಳೆ ಹುಳಿಗಾ?" ಎಂದರು ಸೀತಮ್ಮ.

ಹಯಗ್ರೀವರ ಮೌನ ಆಗಲೇ ಶುರುವಾಗಿತ್ತು. ವಾದಿರಾಜನ ಹೊಸ ಬಿಳಿ ಶರಟನ್ನು ಮೇಲಿಂದ ಕೆಳಗೆ ಅಳೆದು, ಕತ್ತಿನ ಹತ್ತಿರದ ಮೊದಲನೇ ಗಾಯದ ಜಾಗ ಗುರುತು ಮಾಡಿಕೊಂಡು, ಬಾ ಎಂದು ಬೆರಳಾಡಿಸಿದರು.