ಅರಮನೆಯ ಗೈಡು ನೆಲ ನೋಡಿ ಹೇಳಿದ್ದು

ಮಾತು ಕಮ್ಮಿ ಇರುವವರನ್ನೇ ಹುಡುಕಿಕೊಂಡು ಬರುತ್ತವೆ ಇಂಥ ಪ್ರಸಂಗಗಳು. ಆಮೇಲೆ ಮನೆಯಲ್ಲಿ ಹೇಳಿ ನಗಿಸುವ ಹೊತ್ತಿಗೆ ನಾನೇ ವಾಚಾಳಿ ಅನ್ನಿಸಿಕೊಳ್ಳುತ್ತೇನೆ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಅರಸು ಮನೆತನದ ಒಂದು ಹಳೇ ಅರಮನೆಯಿದೆ. ಯಜಮಾನಿ ಅಮ್ಮಣ್ಣಿಯವರು ಅದನ್ನು ಜನ ನೋಡಲೆಂದು ತೆರೆದರು. ಬಂದವರಿಗೆ ಕಂಬ, ಕಮಾನು, ಚಿತ್ರ ತೋರಿಸಿ ವಿವರಿಸುವ ಕೆಲಸ ನನ್ನದು, ಮೂರು ತಿಂಗಳ ಮಟ್ಟಿಗೆ. ಖಾಯಂ ಆಗಬೇಕಾದರೆ ದನಿ ಏಳಬೇಕು ಎಂದು ಅಮ್ಮಣ್ಣಿಯವರು ಮೊದಲೇ ಹೇಳಿದ್ದರು. ನಾನೋ ಇಂಗ್ಲಿಷ್ ಮೀಡಿಯಮ್ಮಿನವಳು. ಕನ್ನಡದಲ್ಲಿ ವಿವರಿಸುವಾಗ ಎದುರಿಗಿದ್ದವರ ಕಾಲ್ಬೆರಳನ್ನೇ ನೋಡುತ್ತಿದ್ದೆ. ಆದರೂ ಆ ಅರಮನೆ ಬಿಡಲು ಮನಸ್ಸಿರಲಿಲ್ಲ.

ಬೆಲ್ಲದ ಕಂಬ

ತಾಂಡವಪುರದವರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು, ತಮ್ಮ ಗಾರೆ ಮೇಸ್ತ್ರಿಯನ್ನೂ ಕರೆತಂದಿದ್ದರು. ನಾನು ಕಂಬದ ತಲೆಯ ಮೇಲಿನ ಬೋದಿಗೆಯ ಕೆತ್ತನೆ ತೋರಿಸುತ್ತಿದ್ದರೆ ಅವರು ಕಂಬವನ್ನು ತಬ್ಬಿ ಅಳೆದು, ಎಷ್ಟು ಮೂಟೆ ಸಿಮೆಂಟು ಹಿಡಿಯಿತು ಎಂದರು. ಸಿಮೆಂಟಿಲ್ಲ, ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದ ಗಾರೆ ಅಂದೆ.

ಅವರು ಮೇಸ್ತ್ರಿ ಕಡೆ ತಿರುಗಿದರು. "ಕೇಳ್ದೇನ್ಲಾ? ಬೆಲ್ಲದಲ್ಲಿ ಕಟ್ಟಿರೋದು ಅಲ್ಲಾಡಿಲ್ಲ. ನಿನ್ ಕೈಗೆ ಸಿಮೆಂಟ್ ಕೊಟ್ಟು ನನ್ ಕಾಂಪೌಂಡು ವಾಲೈತೆ."

ಮೇಸ್ತ್ರಿ ಕಂಬವನ್ನು ತಟ್ಟಿ ನೋಡಿದ. "ಬೆಲ್ಲ ಕೊಡ್ಸಿ ಸಾ. ಗಾರೆಗೆ ಆಗಿ ಮಿಕ್ಕಿದ್ದು ಟೀಗೆ ಆಯ್ತದೆ. ಸಿಮೆಂಟಲ್ಲಿ ಆ ಅನುಕೂಲ ಇಲ್ಲ."

ನೋಡುವ ಚಿತ್ರ

ನಡುಮನೆಯಲ್ಲಿ ಅಮ್ಮಣ್ಣಿಯವರ ಅಜ್ಜಿಯ ತೈಲಚಿತ್ರವಿದೆ. ಎಲ್ಲಿ ನಿಂತರೂ ಆ ಕಣ್ಣು ನಿಮ್ಮನ್ನೇ ನೋಡುತ್ತದೆ ಎಂದು ಕವಲಂದೆಯ ಹೆಂಗಸರಿಗೆ ಹೇಳಿದೆ. ಅವರು ಎಡಕ್ಕೆ ಸರಿದರು, ಬಲಕ್ಕೆ ಸರಿದರು, ಒಬ್ಬಾಕೆ ಬಗ್ಗಿಯೂ ನೋಡಿದಳು. ಎಲ್ಲರಿಗೂ ಬೆರಗು. ಗುಂಪಿನಲ್ಲಿದ್ದ ಮುದುಕಿ ಮಾತ್ರ ಕದಲಲಿಲ್ಲ.

"ಇದ್ಯಾವ ದೊಡ್ಡ ವಿದ್ಯೆ ತಾಯಿ? ನಮ್ಮತ್ತೆ ಪೋಟೋನೂ ಇಂಗೇ ನೋಡ್ತದೆ. ಅದು ಗೋಡೆ ದಾಟಿ ಅಡುಗೆಮನೇಗೂ ಬತ್ತದೆ."

ಬಿಳಿ ಕುದುರೆ

ಮೂರು ತಿಂಗಳು ಮುಗಿಯುವ ದಿನ ಅಮ್ಮಣ್ಣಿಯವರೇ ನನ್ನ ವಿವರಣೆ ಕೇಳಲು ಬಂದರು. ಹದಿನಾರು ಎಂಬ ಊರಿನಿಂದ ಬಂದಿದ್ದ ಎಂಟು ಜನರ ಹಿಂದೆ ಸುಮ್ಮನೆ ನಿಂತರು. ಕೆಲಸ ಉಳಿಯುವುದೋ ಹೋಗುವುದೋ ಇವತ್ತೇ ತೀರ್ಮಾನ.

ಮನೆಯ ಹೆಮ್ಮೆಯೆಂದರೆ ಮೊಗಸಾಲೆಯ ದೊಡ್ಡ ಚಿತ್ರ, ಬಿಳಿ ಕುದುರೆ ಏರಿದ ಮುತ್ತಾತ. ನಾನು ಯಾವತ್ತಿನಂತೆ ಅದಕ್ಕೆ ಬೆನ್ನು ಮಾಡಿ, ಹದಿನಾರು ಪಾದಗಳನ್ನು ನೋಡುತ್ತಾ ಶುರುಮಾಡಿದೆ. ಹೆದರಿಕೆಗೋ ಏನೋ, ಅವತ್ತು ದನಿ ಎದ್ದಿತು. ಪೇಟದ ಅಂಚಿನ ಚಿನ್ನದ ರೇಕು ನೋಡಿ ಅಂದೆ. ಹೂಂ ಅಂದರು. ಕುದುರೆಯ ಮೂಗಿನ ಹೊಳ್ಳೆ ಉಸಿರಾಡುವಂತಿದೆ ಅಂದೆ. ಹೌದೌದು ಅಂದರು. ಮೀಸೆಯ ಕೆಳಗಿನ ಸಣ್ಣ ನಗು ಕಂಡಿತಾ ಎಂದು ಕೇಳಿದೆ. ಸ್ವಲ್ಪ ತಡೆದು, ಒಬ್ಬರು ಕಂಡಿತು ಎಂದರು.

ಮುಗಿಸಿ, ಧೈರ್ಯ ಮಾಡಿ ತಲೆಯೆತ್ತಿದೆ. ಎಂಟೂ ಜನ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ತಿರುಗಿದರೆ ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಸುಣ್ಣ ಮಾಸದ ಒಂದು ಚೌಕ. ಗೆದ್ದಲು ಹಿಡಿದ ಚೌಕಟ್ಟು ಬದಲಿಸಲು ಚಿತ್ರವನ್ನು ಬೆಳಿಗ್ಗೆಯೇ ಮೈಸೂರಿಗೆ ಕಳಿಸಿದ್ದರಂತೆ.

ಯಾಕೆ ಯಾರೂ ಹೇಳಲಿಲ್ಲ ಎಂದು ಪಿಸುಗುಟ್ಟಿದೆ. ನಗು ಕಂಡಿತು ಅಂದಿದ್ದ ಯಜಮಾನರು ಟವೆಲ್ಲು ಸರಿಮಾಡಿಕೊಂಡರು.

"ಮಗಾ ಅಷ್ಟು ಓದ್ಕೊಂಡು ಬಂದು ಯೋಳ್ತಾ ಅದೆ, ಮಧ್ಯದಲ್ಲಿ ಬಾಯಾಕೋದ್ಯಾಕೆ ಅಂತ ಸುಮ್ಕಿದ್ದೋ ಕಣವ್ವ. ಕುದುರೆ ಮಾತ್ರ ಚೆನ್ನಾಗಿತ್ತು."

ಅಮ್ಮಣ್ಣಿಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಹತ್ತಿರ ಬಂದು ನನ್ನ ಗಲ್ಲ ಹಿಡಿದೆತ್ತಿದರು.

"ನಾಳೆಯಿಂದ ನೀನು ಖಾಯಂ. ಆದರೆ ಚಿತ್ರ ವಾಪಸ್ ಬಂದಮೇಲೆ ಒಂದ್ಸಲ ತಿರುಗಿ ನೋಡಮ್ಮ. ನೀನು ಹೇಳಿದಷ್ಟು ಚೆನ್ನಾಗಿಲ್ಲ ಅದು."